ಸಹಾಯ ಬೇಕು: ದೀಪಾವಳಿಗೆ ನಾಯಿಯ ಹೆದರಿಕೆ ಕಡಿಮೆ ಮಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಮಳೆ ಬಿಟ್ಟು, ಭೂಮಿ ಹುಣ್ಣಿಮೆ ಮುಗಿದ ಮೇಲಿನ ದಿನಗಳೆಂದರೆ ನನಗೆ ತುಂಬಾ ಇಷ್ಟ. ಗೆಳತಿಯರು ಬಂದು ಉಳಿಯುತ್ತಾರೆ. ಜಗಲಿಯಲ್ಲಿ ಕೂತು ಸುಮ್ನೆ ಹರಟುತ್ತೇವೆ. ನಮ್ಮ ನಾಯಿ ಕರಿಯ ಯಾರದಾದರೂ ಕಾಲಬುಡದಲ್ಲಿ ಬಿದ್ದಿರುತ್ತಾನೆ.

ತೊಂದರೆ ದೀಪಾವಳಿಯದು. ಮೊದಲ ಪಟಾಕಿಗೇ ಅವನ ಕಿವಿ ಹಿಂದಕ್ಕೆ ಅಂಟಿಕೊಳ್ಳುತ್ತದೆ, ಜೊಲ್ಲು ಸುರಿಯುತ್ತದೆ, ಮೈಯೆಲ್ಲ ನಡುಕ. ಮಂಚದಡಿ ಸೇರಿದರೆ ಅನ್ನ ಹಾಕಿದರೂ ಬರುವುದಿಲ್ಲ. ರಾತ್ರಿ 8ರಿಂದ 10ರವರೆಗೆ ಮಾತ್ರ ಪಟಾಕಿ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ನಮ್ಮ ಕಡೆ ಬೆಳಗಿನ ಜಾವಕ್ಕೇ ಶುರು.

ಕತ್ತಲಾಗುವ ಮೊದಲೇ ಸುತ್ತಾಡಿಸಿ, ಊಟ ಹಾಕಿ, ಒಳಕೋಣೆಯ ಕಿಟಕಿ ಮುಚ್ಚಿ ರೇಡಿಯೋ ಹಚ್ಚುತ್ತೇವೆ. ಅಷ್ಟು ಸಾಲುತ್ತಿಲ್ಲ. ಮೊಬೈಲಿನಲ್ಲಿ ಪಟಾಕಿ ಸದ್ದನ್ನು ಸಣ್ಣಗೆ ಹಾಕಿ, ತಿಂಡಿ ಕೊಡುತ್ತಾ, ನಿಧಾನಕ್ಕೆ ಜಾಸ್ತಿ ಮಾಡಿ ರೂಢಿಸಿದವರು ಇದ್ದೀರಾ? ಎಷ್ಟು ವಾರ ಮುಂಚೆ ಶುರು ಮಾಡಿದಿರಿ? ಪಶುವೈದ್ಯರು ಬರೆದುಕೊಟ್ಟ ಮಾತ್ರೆ ಕೊಟ್ಟವರೂ ಹೇಳಿ, ನಾಯಿ ತೀರಾ ಮಂಕಾಯಿತೇ? ಮನುಷ್ಯರ ನಿದ್ದೆಮಾತ್ರೆ ಮಾತ್ರ ದಯವಿಟ್ಟು ಬೇಡ.

ಈ ಸಲ ಗೆಳತಿಯರು ಹಬ್ಬ ಮುಗಿಯುವ ತನಕ ಇರುತ್ತಾರೆ. ಸರದಿ ಮೇಲೆ ಅವನ ಜೊತೆ ಕೂರಲು ಒಪ್ಪಿದ್ದಾರೆ. ಜೊತೆಗೆ ಇನ್ನೇನು ಮಾಡಬಹುದು ಹೇಳಿ.