ಐಟಿಐ ಇಲ್ಲ, ಲೇತ್ ಕೆಲಸ ಬರುತ್ತೆ. ಡಿಪ್ಲೊಮಾಗೆ ದಾರಿ ಇದೆಯಾ?

ತಾರಿಹಾಳ ಟರ್ನರ್:
ಹುಬ್ಬಳ್ಳಿ ಹತ್ರ ತಾರಿಹಾಳದ ಒಂದು ವರ್ಕ್‌ಶಾಪ್‌ನಲ್ಲಿ ಏಳೆಂಟು ವರ್ಷದಿಂದ ಲೇತ್ ಮೇಲೆ ಇದ್ದೇನೆ. ಓದಿದ್ದು ಎಸ್ಸೆಸ್ಸೆಲ್ಸಿ ಅಷ್ಟೇ. ಐಟಿಐ ಮುಗಿಸಿ ಬಂದ ಹುಡುಗರಿಗೆ ಥ್ರೆಡ್ ಕಟಿಂಗ್ ಕಲಿಸೋದು ನಾನು, ಸಂಬಳ ಮಾತ್ರ ಅವರಿಗೇ ಜಾಸ್ತಿ. ಆರ್‌ಪಿಎಲ್ (ರೆಕಗ್ನಿಷನ್ ಆಫ್ ಪ್ರಯರ್ ಲರ್ನಿಂಗ್) ಅಂತ ಒಂದಿದೆಯಂತೆ, ಕೆಲಸ ನೋಡಿ ಸರ್ಟಿಫಿಕೇಟ್ ಕೊಡ್ತಾರಂತೆ. ಅದನ್ನ ತೋರಿಸಿ ಪಾಲಿಟೆಕ್ನಿಕ್ ಸೇರಬಹುದಾ?

ಬೆಟಗೇರಿಯವ:
ಆರ್‌ಪಿಎಲ್ ಇರೋದು ನಿಜ, ಕೇಂದ್ರ ಸರ್ಕಾರದ ಕೌಶಲ ತರಬೇತಿ ಯೋಜನೆ ಪಿಎಂಕೆವಿವೈನಲ್ಲಿ ಬರುತ್ತೆ. ಸ್ವಲ್ಪ ಹೊತ್ತಿನ ತರಬೇತಿ, ಆಮೇಲೆ ಪರೀಕ್ಷೆ. ನಮ್ಮ ತಮ್ಮ ಮಾಡಿಸಿದ್ದಾನೆ. ಲೇತ್ ಮೇಲೆ ಮಾಡೋಕೆ ಕೊಟ್ಟ ಪೀಸ್ ಸಲೀಸಾಗಿ ತೆಗೆದುಕೊಟ್ಟ, ಪರೀಕ್ಷಕರು ಮೈಕ್ರೋಮೀಟರ್ ಕೈಗಿಟ್ಟು ಲೀಸ್ಟ್ ಕೌಂಟ್ (ಅದರಲ್ಲಿ ಅಳೆಯಬಹುದಾದ ಅತಿ ಚಿಕ್ಕ ಅಳತೆ) ಎಷ್ಟು ಅಂದಾಗ ಬಾಯಿ ಬರಲಿಲ್ಲ. ದಿನಾ ಅದರಲ್ಲೇ ಅಳೀತಾನೆ! 0.01 ಮಿ.ಮೀ. ಅಂತ ಬಾಯಲ್ಲಿ ಹೇಳೋದೂ ರೂಢಿ ಮಾಡ್ಕೊಂಡು ಹೋಗಿ. ಬೇರೆ ಕಂಪನಿಗೆ ಹೋಗೋವಾಗ ಆ ಸರ್ಟಿಫಿಕೇಟ್ ತೋರಿಸಬಹುದು, ಆದ್ರೆ ಅದು ಐಟಿಐಗೆ ಸಮ ಅಲ್ಲ.

ಹಳೇ ಫಿಟ್ಟರ್, ಧಾರವಾಡ:
ಡಿಪ್ಲೊಮಾ ಬೇಕು ಅಂದ್ರೆ ಆರ್‌ಪಿಎಲ್ ಹಿಂದೆ ಸುಮ್ನೆ ಓಡಾಡಬೇಡಿ. ಅಖಿಲ ಭಾರತ ಟ್ರೇಡ್ ಟೆಸ್ಟ್‌ಗೆ, ಅಂದ್ರೆ ಐಟಿಐ ಹುಡುಗರು ಬರೆಯೋ ಪರೀಕ್ಷೆಗೇ, ಖಾಸಗಿ ಅಭ್ಯರ್ಥಿಯಾಗಿ ಕೂರಬಹುದು, ಕೆಲಸದ ಅನುಭವ ಇದ್ದವರಿಗೇ ಇರೋ ದಾರಿ ಅದು. ಪಾಸಾದ್ರೆ ಸಿಗೋದು ಎನ್‌ಟಿಸಿ (ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟ್), ಐಟಿಐ ಹುಡುಗರ ಕೈಲಿರೋದೂ ಅದೇ. ಎರಡು ವರ್ಷದ ಐಟಿಐ ಟ್ರೇಡ್ ಮುಗಿಸಿದವರಿಗೆ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಪ್ರವೇಶ (ಲ್ಯಾಟರಲ್ ಎಂಟ್ರಿ) ಇದೆ, ಟರ್ನರ್ ಎರಡು ವರ್ಷದ್ದೇ. ಖಾಸಗಿಯಾಗಿ ಬರೆದ ಎನ್‌ಟಿಸಿ ನಡೆಯುತ್ತಾ ಅಂತ ಪಾಲಿಟೆಕ್ನಿಕ್ ಆಫೀಸಲ್ಲಿ ಮೊದಲೇ ಕೇಳಿಕೊಳ್ಳಿ. ಪ್ರಾಕ್ಟಿಕಲ್ ನಿಮಗೆ ನೀರು ಕುಡಿದಷ್ಟು ಸುಲಭ, ಕಾಡೋದು ಥಿಯರಿ ಮತ್ತು ವರ್ಕ್‌ಶಾಪ್ ಲೆಕ್ಕ. ಸರ್ಕಾರಿ ಐಟಿಐಗೆ ಹೋಗಿ ಅರ್ಜಿ ಯಾವಾಗ ಕರೀತಾರೆ ಕೇಳಿ, ಹಳೇ ಪ್ರಶ್ನೆಪತ್ರಿಕೆನೂ ಈಸ್ಕೊಳ್ಳಿ.

ಗದಗ ಮೇಷ್ಟ್ರು:
ಕಾಲೇಜ್ ಕ್ರೆಡಿಟ್, ಅಂದ್ರೆ ಕಲಿತದ್ದಕ್ಕೆ ಲೆಕ್ಕ ಹಾಕಿ ಕೊಡೋ ಅಂಕದ ವಿಷಯವೂ ಹೇಳ್ತೀನಿ. 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್, ಕೆಲಸದ ಅನುಭವಕ್ಕೂ ಲೆಕ್ಕ ಇದೆ. ಆದ್ರೆ ವರ್ಷ ಎಣಿಸಿ ಸುಮ್ನೆ ಕೊಡಲ್ಲ, ಮೌಲ್ಯಮಾಪನ ಆಗ್ಬೇಕು, ಆಮೇಲೆ ಕಾಲೇಜು ಒಪ್ಪಬೇಕು. ಸದ್ಯಕ್ಕೆ ಅದನ್ನ ನಂಬಿ ಕೂರಬೇಡಿ, ಟ್ರೇಡ್ ಟೆಸ್ಟ್ ದಾರಿನೇ ಗಟ್ಟಿ.

ತಾರಿಹಾಳ ಟರ್ನರ್:
ಎಲ್ಲರಿಗೂ ಥ್ಯಾಂಕ್ಸ್. ಅನುಭವ ಪತ್ರ ಕೇಳಿದ್ರೆ ನಮ್ಮ ಮಾಲೀಕರು ಬೇರೆ ಕಡೆ ಹೋಗ್ತೀಯಾ ಅಂತಾರೆ, ಏನ್ ಮಾಡೋದು?

ಹಳೇ ಫಿಟ್ಟರ್, ಧಾರವಾಡ:
ಪಿಎಫ್ ಕಟ್ತಾರಾ? ಯುಎಎನ್ (ನಿಮ್ಮ ಪಿಎಫ್ ನಂಬರ್) ಹಾಕಿ ಸೇವಾ ವಿವರ ತೆಗೀರಿ, ಸೇರಿದ ತಾರೀಖು ಅದರಲ್ಲಿರುತ್ತೆ. ಅದನ್ನ ಮುಂದಿಟ್ಟು ಪತ್ರ ಕೇಳಿ, ನೀವು ಅಲ್ಲಿ ಇಲ್ಲ ಅನ್ನೋಕೆ ಆಗಲ್ಲ.

ತಾರಿಹಾಳ ಟರ್ನರ್:
ಈಗಷ್ಟೇ ನೋಡಿದೆ. ಕಟ್ಟೋಕೆ ಶುರು ಮಾಡಿದ್ದೇ 2021ರಿಂದ. ಪರವಾಗಿಲ್ಲ, ಅಷ್ಟು ವರ್ಷಕ್ಕಾದ್ರೂ ದಾಖಲೆ ಇದೆಯಲ್ಲ. ಸೋಮವಾರ ಅರ್ಧ ದಿನ ರಜೆ ಹಾಕಿ ಐಟಿಐಗೆ ಹೋಗ್ತೀನಿ.