ಸಹಾಯ ಬೇಕು: ಮನೆ ಇಲ್ಲದ ಸೊರಾರಿಟಿಗೆ ಮಗಳು ಸೇರಬಹುದಾ?

ಎಲ್ಲರಿಗೂ ನಮಸ್ಕಾರ. ಹ್ಯೂಸ್ಟನ್‌ನಲ್ಲಿ ಕಾಲೇಜು ಓದುತ್ತಿರುವ ನನ್ನ ಮಗಳು ಡೆಲ್ಟಾ ಫೈ ಒಮೆಗಾ ಅನ್ನೋ ಸೊರಾರಿಟಿ, ಅಂದರೆ ಕಾಲೇಜು ಹುಡುಗಿಯರ ಸಂಘ, ಸೇರುತ್ತೇನೆ ಅನ್ನುತ್ತಿದ್ದಾಳೆ. ದಕ್ಷಿಣ ಏಷ್ಯಾ ಮೂಲದ ಹುಡುಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡು 1998ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲೇ ಶುರುವಾದ ಸೊರಾರಿಟಿ ಇದು. ಹಳೆಯ ದೊಡ್ಡ ಸೊರಾರಿಟಿಗಳಂತೆ ಎಲ್ಲರೂ ಒಟ್ಟಿಗೆ ಇರುವ ಮನೆ ಇವರಿಗೆ ಇಲ್ಲವಂತೆ.

ಮನೆ ಇದ್ದ ಕಡೆ ಸದಸ್ಯತ್ವದ ಹಣದ ಜೊತೆ ಬಾಡಿಗೆ, ಊಟದ ಖರ್ಚೂ ಇರುತ್ತೆ. ಅದು ಇಲ್ಲಿ ಉಳಿಯುತ್ತೆ, ಸರಿ. ನನ್ನ ಚಿಂತೆ ಬೇರೆ. ಅವಳು ಮೊದಲೇ ಮಾತು ಕಡಿಮೆ. ಒಂದೇ ಅಡುಗೆಮನೆ, ಒಂದೇ ಜಗಲಿ ಇದ್ದರೆ ಸ್ನೇಹ ತಾನಾಗಿ ಬೆಳೆಯುತ್ತೆ, ಅಲ್ವಾ? ಹಾಸ್ಟೆಲ್ ರೂಮಿನಲ್ಲೇ ಇದ್ದುಕೊಂಡು, ಸ್ಟೂಡೆಂಟ್ ಸೆಂಟರಿನ ಮೀಟಿಂಗಿಗೆ ಹೋಗಿಬಂದರೆ ಅಷ್ಟು ಹತ್ತಿರವಾಗುತ್ತಾರಾ?

ಇಂಥ ಸೊರಾರಿಟಿಯಲ್ಲಿ ಇದ್ದವರು, ಅಥವಾ ಮಕ್ಕಳನ್ನು ಸೇರಿಸಿದವರು ದಯವಿಟ್ಟು ಹೇಳಿ. ಮೀಟಿಂಗ್ ಬಿಟ್ಟು ಬೇರೆ ದಿನ ಎಲ್ಲಿ ಸೇರುತ್ತಿದ್ದಿರಿ? ಪರೀಕ್ಷೆ ಹೊತ್ತಿನಲ್ಲಿ ಒತ್ತಡ ಜಾಸ್ತಿ ಆಗುತ್ತಾ? ಹೊಸಬರನ್ನು ಹೇಗೆ ನೋಡಿಕೊಳ್ಳುತ್ತಾರೆ? ಟೆಕ್ಸಸ್‌ನಲ್ಲಿ ಹೇಜಿಂಗ್ (ಹೊಸಬರಿಗೆ ಕಿರುಕುಳ ಕೊಡೋದು, ನಮ್ಮ ರ್ಯಾಗಿಂಗ್ ಥರ) ಅಪರಾಧ ಅಂತ ಗೊತ್ತು, ಆದರೂ ತಾಯಿ ಮನಸ್ಸು ಕೇಳಲ್ಲ. ಈ ಸೆಮಿಸ್ಟರಿನ ರಷ್, ಅಂದರೆ ಹೊಸ ಸದಸ್ಯರನ್ನು ಆರಿಸಿಕೊಳ್ಳುವ ಸಮಯ, ಶುರುವಾಗುವ ಮೊದಲೇ ಅವಳ ಜೊತೆ ಕೂತು ಮಾತಾಡಬೇಕು.