ಮನಿ ಗ್ಯಾರೇಜಿಗೆ ಕಂಪ್ರೆಸರ್ ತಗೋಬೇಕಂತೀನಿ, ಬಳಸಿದವ್ರು ಹೇಳ್ರಿ

ಬಾಗಲಕೋಟಿ, ನವನಗರ:
ನಮಸ್ಕಾರ್ರಿ. ಮನಿ ಬಾಜೂಕ ಪತ್ರಾ ಶೆಡ್ ಹಾಕ್ಸೀನಿ. ಹಳೇ ಆಲ್ಟೊ ಒಂದು, ಬುಲೆಟ್ ಒಂದು, ಹೊಲದಿಂದ ಆಗಾಗ ಅಪ್ಪಾರ ಟ್ರ್ಯಾಕ್ಟರ್ ಬರ್ತೈತಿ. ಹವಾ ಹೊಡ್ಯಾಕ, ವ್ಹೀಲ್ ನಟ್ ಬಿಚ್ಚಾಕ, ಆಮ್ಯಾಲ ಬುಲೆಟ್ ಟಾಕಿ ನಾನ ತಿಕ್ಕಿ ಪೇಂಟ್ ಹೊಡೀಬೇಕಂತ ಆಸೆ ಐತಿ. 25 ಸಾವಿರ ತೆಗೆದಿಟ್ಟೀನಿ. ಅಂಗಡಿಯಾಂವ 2 ಎಚ್‌ಪಿ, 50 ಲೀಟರ್ ಆಯಿಲ್ ಫ್ರೀ ತಗೋರಿ ಎಲ್ಲಾ ನಡೀತೈತಿ ಅಂತಾನ. ಖರೇನೇನ್ರಿ?

ಬೆಳಗಾವಿ, ಉದ್ಯಮಬಾಗ:
ಹವಾ ನಡೀತೈತಿ, ನಟ್ ನಡೀತೈತಿ, "ಎಲ್ಲಾ" ನಡ್ಯಂಗಿಲ್ಲ. ನಾ ಇಲ್ಲೆ ಮಷಿನ್ ಶಾಪ್‌ನ್ಯಾಗ ಮೇಂಟೆನೆನ್ಸ್ ನೋಡ್ತೀನ್ರಿ, ಮನ್ಯಾಗೂ ಒಂದು ಇಟ್ಟೀನಿ, ಮೊದಲನೇದು ತಗೊಂಡಾಗ ನಿಮ್ಮಂಗ ಎಚ್‌ಪಿ ಮತ್ತ ಲೀಟರ್ ಎರಡ ನೋಡಿ ತಂದು ಕೈ ಸುಟ್ಕೊಂಡೀನಿ. ನೋಡಬೇಕಾಗಿದ್ದು ನಿಮಿಷಕ್ಕ ಎಷ್ಟು ಗಾಳಿ ಹೊರಗ ಬರ್ತೈತಿ ಅನ್ನೂದು, ಸಿಎಫ್‌ಎಂ ಅಂತಾರಲ್ಲ ಅದು. 1 ಸಿಎಫ್‌ಎಂ ಅಂದ್ರ ನಿಮಿಷಕ್ಕ 28 ಲೀಟರ್ ಹಿಡೀರಿ. ಅದರಾಗೂ ಒಂದು ಆಟ ಐತಿ, ಪ್ಲೇಟ್ ಮ್ಯಾಲ ದೊಡ್ಡದಾಗಿ ಬರದಿರೂದು ಭಾಳ ಸಲ ಪಿಸ್ಟನ್ ಡಿಸ್‌ಪ್ಲೇಸ್‌ಮೆಂಟ್, ಅಂದ್ರ ಪಿಸ್ಟನ್ ಒಳಗ ಎಳಕೊಳ್ಳೂ ಲೆಕ್ಕ. ಟಾಕಿಗೆ ಬಂದು ಮುಟ್ಟೂದು ಎಫ್‌ಎಡಿ, ಅದು ಕಡಿಮಿ, ಪ್ಲೇಟಿನ ಮೂರು ಪಾಲಿನಾಗ ಎರಡು ಪಾಲು ಬಂದ್ರ ಪುಣ್ಯ.

ಈಗ ಲೆಕ್ಕ ಹಾಕ್ರಿ. 50 ಲೀಟರ್ ಟಾಕಿ 8 ಬಾರ್‌ಗೆ (ಬಾರ್ ಅಂದ್ರ ಗಾಳಿ ಒತ್ತಡದ ಅಳತಿ) ಮುಟ್ಟಿದ ಕೂಡ್ಲೆ ಮೋಟರ್ ಕಟ್ ಆಗ್ತೈತಿ, ಟೂಲ್‌ಗಳು 6 ಬಾರ್ ಬೇಡ್ತಾವು, ನಡುವಿನ 2 ಬಾರ್ ಅಷ್ಟ ನಿಮ್ಮ ಬಂಡವಾಳ, ಅಂದ್ರ 100 ಲೀಟರ್ ಗಾಳಿ. ನಟ್ ಬಿಚ್ಚೂ ಅರ್ಧ ಇಂಚಿನ ಇಂಪ್ಯಾಕ್ಟ್ ಗನ್ ಸುಮಾರು 5 ಸಿಎಫ್‌ಎಂ, ಅಂದ್ರ ನಿಮಿಷಕ್ಕ 140 ಲೀಟರ್ ತಿಂತೈತಿ, ಆದ್ರ ಅದನ್ನ ನಾವು ಒಂದು ನಟ್‌ಗೆ ಎರಡ್ಮೂರು ಸೆಕೆಂಡ್ ಒತ್ತಿ ಬಿಡ್ತೀವಿ, ಅಷ್ಟರಾಗ ಪಂಪ್ ತುಂಬಿಸ್ಕೋತೈತಿ. ತಿಕ್ಕೂ ಮಷಿನ್ ಹಂಗಲ್ಲ. ಏರ್ ಸ್ಯಾಂಡರ್ 10 ಸಿಎಫ್‌ಎಂ ಮ್ಯಾಲನ ಕೇಳ್ತೈತಿ, ಬಿಡದಂಗ ಕೇಳ್ತೈತಿ, ಟಾಕಿದು 20 ಸೆಕೆಂಡಿನ ಮಾತು, ಆಮ್ಯಾಲ ಪಂಪ್ ಎಷ್ಟು ಕೊಡ್ತೈತೋ ಅಷ್ಟ. ನಾ ಆವಾಗ ತಂದಿದ್ದು 24 ಲೀಟರಿಂದು ಡೈರೆಕ್ಟ್ ಡ್ರೈವ್, ಅಂದ್ರ ಬೆಲ್ಟ್ ಇಲ್ಲದ ಪಂಪ್ ಸೀದಾ ಮೋಟರ್‌ಗೇ ಹಚ್ಚಿದ್ದು, ಕಂಪನಿ ಹೆಸರು ಬ್ಯಾಡ, ಅದಕ್ಕ ಸ್ಯಾಂಡರ್ ಹಚ್ಚಿ ಬಾಗಿಲಿನ ತುಕ್ಕು ತಿಕ್ಕಾಕ ಕುಂತೆ, ಮೋಟರ್ ಬಂದ್ ಆಗದಂಗ ಅರ್ಧ ತಾಸು ಓಡಿ ಓವರ್‌ಲೋಡ್ ಟ್ರಿಪ್ ಆತು, ಹಿಂಗ ನಾಕೈದು ಸಲ ಮಾಡಿದ್ಮ್ಯಾಲ ಪಿಸ್ಟನ್ ರಿಂಗ್ ಹ್ವಾದು. ಸಣ್ಣ ಕಂಪ್ರೆಸರ್ ಹತ್ತು ನಿಮಿಷದಾಗ ಐದಾರು ನಿಮಿಷ ಓಡಬೇಕು, ಉಳಿದಿದ್ದು ದಮ್ ತಗೋಬೇಕು.

ಅದಕ್ಕ ಅಂಗಡ್ಯಾಗ ಮೊಬೈಲ್ ಸ್ಟಾಪ್‌ವಾಚ್ ಹಿಡೀರಿ. 4 ಬಾರ್‌ನಿಂದ 8 ಬಾರ್ ಏರಾಕ ಎಷ್ಟು ಹೊತ್ತು ಹಿಡೀತು ನೋಡ್ರಿ. ಟಾಕಿ ಲೀಟರ್‌ನ 4 ರಿಂದ ಗುಣಿಸ್ರಿ, ನಿಮಿಷದಿಂದ ಭಾಗಿಸ್ರಿ, ಬಂದಿದ್ದನ್ನ 28 ರಿಂದ ಭಾಗಿಸ್ರಿ. ಅದ ಖರೇ ಸಿಎಫ್‌ಎಂ. ಪ್ಲೇಟ್ ಸುಳ್ಳು ಹೇಳ್ಬಹುದು, ಕಾಟಾ ಹೇಳೂದಿಲ್ಲ. 6 ರ ಆಸುಪಾಸು ಬಂದ್ರ ನಿಮ್ಮ ಕೆಲಸಕ್ಕ ಸಾಕು, ಸ್ಯಾಂಡರ್ ಮಾತ್ರ ಕರೆಂಟಿಂದ ತಗೋರಿ.

ಬೆಲ್ಟ್ ಇರೋ ಆಯಿಲ್ ಪಂಪ್ ತಗೊಂಡ್ರ ತೂಕ ಜಾಸ್ತಿ, ಆದ್ರ ಸಾವಕಾಶ ತಿರಗ್ತೈತಿ, ಸಪ್ಪಳ ಕಡಿಮಿ, ಕೆಟ್ರ ವಾಲ್ವ್ ಪ್ಲೇಟ್, ರಿಂಗ್ ಯಾವ ಮಿಸ್ತ್ರಿನೂ ಹಾಕ್ತಾನ. (ಕಿರ್ಲೋಸ್ಕರ್ 1888ರಾಗ ಸೈಕಲ್ ಅಂಗಡಿ ಹಾಕಿದ ಊರು ನಮ್ದು, ಇಲ್ಲಿ ಪಿಸ್ಟನ್ ಸಿಗಲಿಲ್ಲಂದ್ರ ಮಾಡೇ ಕೊಡ್ತಾರ!) ಡೈರೆಕ್ಟ್ ಡ್ರೈವ್ ಆಯಿಲ್ ಫ್ರೀ ಸುಮಾರು 2800 ಆರ್‌ಪಿಎಂಗೆ ಒದರ್ತೈತಿ, ನವನಗರದಾಗ ಮನಿ ಮನಿ ಹತ್ಯಾವು, ಮಧ್ಯಾಹ್ನ ಮಲಗಿದ ಬಾಜೂಮನಿ ಅಜ್ಜಿ ಕಡಿಂದ ಬೈಸ್ಕೋತೀರಿ.

ವಿಜಯಪುರ:
ಮ್ಯಾಲಿನ ಅಣ್ಣಾರು ಹೇಳಿದ್ದು ಬರೋಬ್ಬರಿ ಅದ. ನಾ ಕರೆಂಟಿನ ಮಾತು ಹೇಳ್ತೀನ್ರಿ, ಯಾಕಂದ್ರ ನಂದು ಅಲ್ಲೇ ಕೆಟ್ಟದ್ದು. 2 ಎಚ್‌ಪಿ ಸಿಂಗಲ್ ಫೇಸ್ ಓಡುವಾಗ 9–10 ಆಂಪಿಯರ್ ಎಳೀತದ, ಚಾಲೂ ಆಗುವಾಗ ಅದರ ನಾಕೈದು ಪಟ್ಟು. ಬ್ಯಾಸಗ್ಯಾಗ ವೋಲ್ಟೇಜ್ ಇಳದಾಗ ನಾ ತೆಳ್ಳನ ಎಕ್ಸ್‌ಟೆನ್ಶನ್ ಬೋರ್ಡ್ ಹಚ್ಚಿ ಚಾಲೂ ಮಾಡಿದ್ದೆ, ಮೋಟರ್ ಗುಂಯ್ ಅಂತ ನಿಂತು ವೈಂಡಿಂಗ್ ಸುಟ್ಟಿತು. 16 ಆಂಪಿಯರ್ ಸಾಕೆಟ್, 2.5 ಚದರ ಎಂಎಂ ವೈರ್ ಬ್ಯಾರೆ ಎಳಸ್ರಿ, ಚಾಲೂ ಆಗುವಾಗಿನ ಜಗ್ಗಾಟ ತಡಕೊಳ್ಳೂ ಸಿ ಟೈಪ್ ಎಂಸಿಬಿ ಸ್ವಿಚ್ ಹಾಕಸ್ರಿ. ದೂರ ಬೇಕಂದ್ರ ಹವಾ ಪೈಪ್ ಉದ್ದ ಮಾಡ್ರಿ, ವೈರ್ ಉದ್ದ ಮಾಡಬ್ಯಾಡ್ರಿ. ಮತ್ತ ನಮ್ಮ ಕಡೆ ಧೂಳ ಭಾಳ, ಪಂಪಿನ ಫಿಲ್ಟರ್ ವಾರಕ್ಕೊಮ್ಮೆ ಬಿಚ್ಚಿ ಝಾಡಿಸ್ರಿ.

ಜಮಖಂಡಿ:
ನಾ ಸ್ವಲ್ಪ ಉಲ್ಟಾ ಹೇಳ್ತೀನಿ. ಬರೇ ನಟ್ ಬಿಚ್ಚಾಕ ಇಷ್ಟೆಲ್ಲಾ ಯಾಕ್ರಿ? ಬ್ಯಾಟ್ರಿ ಇಂಪ್ಯಾಕ್ಟ್ ತಗೋರಿ, ಕಬ್ಬಿನ ಟ್ರ್ಯಾಲಿ ಹೊಲದಾಗ ಪಂಕ್ಚರ್ ಆದಾಗ ಕಂಪ್ರೆಸರ್ ಹೊತ್ಕೊಂಡು ಹೊಕ್ಕೀರೇನು? ಇನ್ನ ಗನ್ ಯಾವುದರ ಇರ್ಲಿ, ಟೈಟ್ ಮಾಡಾಕ ಅದನ್ನ ಹಿಡೀಬ್ಯಾಡ್ರಿ. ಸಣ್ಣ ಕಾರಿಗೆ 100 ನ್ಯೂಟನ್ ಮೀಟರ್ ಹತ್ರ ಸಾಕು, ಗನ್ ಅದರ ಎರಡ್ಮೂರು ಪಟ್ಟು ಹಾಕಿ ಸ್ಟಡ್ ಮುರೀತೈತಿ. ನಮ್ಮ ಅಳಿಯ ಮುರದಾನ, ರಾತ್ರಿ ಹನ್ನೊಂದಕ್ಕ ನಡುರಸ್ತ್ಯಾಗ.

ಬೆಳಗಾವಿ, ಉದ್ಯಮಬಾಗ:
ಬ್ಯಾಟ್ರಿ ಮಾತು ಒಪ್ತೀನಿ, ಆದ್ರ ಅವ್ರಿಗೆ ಹವಾನೂ ಬೇಕು ಪೇಂಟೂ ಬೇಕು. ಮೊನ್ನೆ ಬಿಟ್ಟಿದ್ದು ಎರಡು ಮಾತು. ಒಂದು, ಹೊಸಾ ಗನ್ನಿಗೆ ನಟ್ ಬರವಲ್ದು ಅಂದ್ರ ಗನ್ನಿಗೆ ಬೈಬ್ಯಾಡ್ರಿ, ಪೈಪ್ ನೋಡ್ರಿ. 8 ಎಂಎಂ ನೀಲಿ ಪಿಯು ಪೈಪ್ ಕೊಡ್ತಾರಲ್ಲ, ಅದರ ಒಳಗಿನ ತೂತು 5 ಎಂಎಂ ಅಷ್ಟ, ಗಾಳಿ ಅಲ್ಲೇ ಸಿಕ್ಕೊಂಡಿರ್ತೈತಿ. ಒಳಗ 8 ಅಥವಾ 10 ಎಂಎಂ ಇರೂದು ತಗೋರಿ. ಆನ್‌ಲೈನ್‌ದಾಗ ಅಮೇರಿಕಾದ ಟೂಲ್ ತರಿಸಿದ್ರ ಕಾಲು ಇಂಚಿನ ಥ್ರೆಡ್ ಎನ್‌ಪಿಟಿ ಇರ್ತೈತಿ, ಇಂಚಿಗೆ 18 ಸುತ್ತು, ನಮ್ಮಲ್ಲಿ ಸಿಗೂದು ಬಿಎಸ್‌ಪಿ, 19 ಸುತ್ತು. ಎರಡು ಸುತ್ತು ಹೊಕ್ಕಂಗ ಮಾಡಿ ಕುಂತ್ಬಿಡ್ತೈತಿ, ಟೇಪ್ ಎಷ್ಟು ಸುತ್ತಿದ್ರೂ ಸುಂಯ್ ಅಂತೈತಿ.

ಎರಡನೇದು ನೀರು. ಬೆಳಗಾವಿ ಮಳ್ಯಾಗ ನಾ ದಿನಾ ಸಂಜಿಕ ಟಾಕಿ ಕಾಕ್ ತಿರುವಿದ್ರ ಅರ್ಧ ಲೋಟ ನೀರು ಬರ್ತೈತಿ. ಪೇಂಟಿಗೆ ಆ ನೀರು ಹ್ವಾದ್ರ ಗುಳ್ಳಿ ಏಳ್ತಾವು, ಆಯಿಲ್ ಹ್ವಾದ್ರ ಮೀನಿನ ಕಣ್ಣಿನಂಗ ತೂತು ಬೀಳ್ತಾವು. ನೀರಿನ ಫಿಲ್ಟರ್ ಕಂಪ್ರೆಸರ್ ಮೂತಿಗೆ ಹಾಕಬ್ಯಾಡ್ರಿ, ಅಲ್ಲಿ ಗಾಳಿ ಇನ್ನೂ ಬಿಸಿ, ನೀರು ಆವಿ ಆಗೇ ದಾಟ್ತೈತಿ. ಪೈಪಿನ ಕಡೀಕ, ಗಾಳಿ ಆರಿದ್ಮ್ಯಾಲ ಹಾಕ್ರಿ. ಬುಲೆಟ್ ಟಾಕಿಗೆ ದೊಡ್ಡ ಗನ್ ಬ್ಯಾಡ, ಅದು 8–12 ಸಿಎಫ್‌ಎಂ ಕುಡೀತೈತಿ, 0.8 ನಾಜಲ್ ಸಣ್ಣ ಟಚಪ್ ಗನ್ ತಗೋರಿ.

ಇನ್ನ ಶೆಡ್ ಗ್ವಾಡಿಗೆ ಪಿವಿಸಿ ಪೈಪ್ ಹಾಕಿ ಹವಾ ಲೈನ್ ಮಾಡೂ ವಿಚಾರ ತಲ್ಯಾಗ ಇದ್ರ ತೆಗೀರಿ. ನೀರಿನ ಪೈಪ್ ಒಡದ್ರ ತೊಯ್ತೀರಿ, ಹವಾದ್ದು ಒಡದ್ರ ಚೂರು ಕಣ್ಣಿಗೆ ಬರ್ತಾವು. ಜಿಐ (ಸತು ಲೇಪದ ಕಬ್ಬಿಣದ) ಪೈಪ್ ಇಲ್ಲಾ ರಬ್ಬರ್ ಪೈಪ್ ಹಾಕ್ರಿ. ಹಳೇ ಪಂಕ್ಚರ್ ಅಂಗಡಿ ಟಾಕಿನೂ ಬ್ಯಾಡ, ತಳದಾಗ ಒಳಗಿಂದ ತುಕ್ಕು ತಿಂದಿರ್ತೈತಿ, ಮ್ಯಾಲ ಹೊಸಾ ಬಣ್ಣ ಬಳದಿರ್ತಾರ.

ಬಾಗಲಕೋಟಿ, ನವನಗರ:
ಸ್ಟಾಪ್‌ವಾಚ್ ಹಿಡಕೊಂಡು ಹೋಗಿದ್ನಿರೀ. ಅಂಗಡಿಯಾಂವ "ಏನ್ ಸಾಹೇಬ್ರ, ಓಟದ ಪಂದ್ಯ ಇಟ್ಟೀರೇನು" ಅಂದ. 50 ಲೀಟರ್ ಆಯಿಲ್ ಫ್ರೀ 1 ನಿಮಿಷ 50 ಸೆಕೆಂಡ್, ಲೆಕ್ಕಕ್ಕ 3.9 ಬಂತು. ಬಾಜೂಕ ಬೆಲ್ಟ್ ಇರೋ 100 ಲೀಟರಿಂದು 2 ನಿಮಿಷ 20 ಸೆಕೆಂಡ್, 6.1. ಎರಡೂ 2 ಎಚ್‌ಪಿ ನೋಡ್ರಿ ಮತ್ತ! ಮೂರು ಸಾವಿರ ಮ್ಯಾಲ ಹ್ವಾತು, ಬೆಲ್ಟಿಂದ ತಂದೆ. ಬುಲೆಟ್ಟಿಂದು 20 ಡಬ್ಲ್ಯೂ 50 ಆಯಿಲ್ ಉಳದೈತಿ, ಅದನ್ನ ಪಂಪಿಗೆ ಹಾಕಲೇನ್ರಿ?

ಬೆಳಗಾವಿ, ಉದ್ಯಮಬಾಗ:
ಬ್ಯಾಡ. ಎಂಜಿನ್ ಆಯಿಲ್ ಒಳಗಿನ ಡಿಟರ್ಜೆಂಟ್ ವಾಲ್ವ್ ಮ್ಯಾಲ ಮಸಿ ಕೂಡಸ್ತೈತಿ, ಕಂಪ್ರೆಸರ್ ಆಯಿಲ್ 100 ನಂಬರ್ ಕೇಳ್ರಿ, ಪಂಪಿನ ಮ್ಯಾಲ ಆಯಿಲ್ ಕಾಣಾಕ ಇರೂ ಗಾಜಿನ ಕಣ್ಣಿನ ನಡುತನಕ ಅಷ್ಟ. ಇಡುವಾಗ ಗಾಲಿ ಕೆಳಗ ಕಟ್ಟಿಗಿ ತುಂಡು ಕೊಟ್ಟು ಸ್ವಲ್ಪ ಎತ್ತರಸ್ರಿ, ಇಲ್ಲಂದ್ರ ಡ್ರೈನ್ ಕಾಕ್‌ಗೆ ಕೈ ಹೋಗೂದಿಲ್ಲ, ಕೈ ಹೋಗಲಿಲ್ಲಂದ್ರ ನೀವು ನೀರು ಬಿಡೂದಿಲ್ಲ.